ಅವನು ಕುರುಗೋಡಿಗೆ ನೇರ ಹೋದ

ಬಳ್ಳಾರಿಯಲ್ಲಿ ನಮ್ಮ ಕಚೇರಿ ಇರುವುದು ಜೀನ್ಸ್ ಹೊಲಿಯುವ ಒಂದು ಘಟಕದ ಮೇಲಿನ ಮಹಡಿಯಲ್ಲಿ. ಕೆಳಗೆ ಹೊಲಿಗೆ ಯಂತ್ರಗಳು ನಡೆಯುವಾಗ ನೆಲ ಸಣ್ಣಗೆ ನಡುಗುತ್ತದೆ. ಹೊಸದಾಗಿ ಬಂದವರು ಅದನ್ನು ಗಮನಿಸುತ್ತಾರೆ, ನಮಗೆ ರೂಢಿಯಾಗಿದೆ. ಊರಿನ ಬಟ್ಟೆ ಘಟಕಗಳಿಗೆ, ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ, ಕುರುಗೋಡಿನ ಕೆಲವು ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಅವನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಓದು ಮುಗಿದ ಮೇಲೆ ನಾನು ಅಲ್ಲಿ ಸೇರಿದೆ. ಪಾರ್ವತಿನಗರದ ಮನೆಯಿಂದ ನಡೆದುಕೊಂಡೇ ಹೋಗಿಬರಬಹುದು ಎಂಬ ಕಾರಣಕ್ಕೆ ಅಪ್ಪ ಒಪ್ಪಿದರು.

ನನಗೆ ಒಪ್ಪಿಸಿದ್ದು ಹೆಸರುಗಳ ಕೆಲಸ. ಇಂಟರ್ನೆಟ್ಟಿನಲ್ಲಿ ಯಾರಾದರೂ ಒಂದು ಗಿರಣಿಯ ಹೆಸರು ಬರೆದರೆ, ಆ ಹೆಸರಿಗೆ ಯಾವ ಯಂತ್ರದ ವಿಳಾಸ ಎಂದು ಹೇಳುವ ಒಂದು ದಾಖಲೆ ಇರಬೇಕು. ಹೇಳುವುದರಲ್ಲಿ ಎರಡು ಬಗೆ. ಕೇಳಿದವರಿಗೆ ಯಂತ್ರದ ನಿಜವಾದ ವಿಳಾಸವನ್ನೇ ಕೊಡಬಹುದು. ಇಲ್ಲವೇ ನಡುವೆ ನಿಂತ ಇನ್ನೊಂದು ಸೇವೆಯ ವಿಳಾಸ ಕೊಡಬಹುದು. ಆ ನಡುವಿನ ಸೇವೆ ಬಂದವರನ್ನು ತಾನೇ ಎದುರುಗೊಳ್ಳುತ್ತದೆ, ಕಿಡಿಗೇಡಿಗಳನ್ನು ಹೊರಗೇ ತಡೆಯುತ್ತದೆ, ಉಳಿದವರ ಕೋರಿಕೆಯನ್ನು ಒಳಗೆ ಮುಟ್ಟಿಸಿ ಉತ್ತರ ತಂದುಕೊಡುತ್ತದೆ. ಇದನ್ನು ಪ್ರಾಕ್ಸಿ ಎನ್ನುತ್ತಾರೆ. ಮೊದಲೆಲ್ಲ ಒಂದು ಪುಟದಲ್ಲಿ ಗುಂಡಿ ಒತ್ತಿ ಇದನ್ನು ಬದಲಿಸುತ್ತಿದ್ದರು. ಯಾರು ಒತ್ತಿದರು, ಯಾಕೆ ಒತ್ತಿದರು ಎಂದು ಆಮೇಲೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಕೋಡಿನಲ್ಲಿ ಬರೆಯಬೇಕು ಎಂದಾಯಿತು: ಒಂದು ಹೆಸರು, ಅದರ ವಿಳಾಸ, ಕೊನೆಗೆ ಪ್ರಾಕ್ಸಿ ಬೇಕಾದರೆ ಟ್ರೂ, ನೇರ ವಿಳಾಸ ಸಾಕಾದರೆ ಫಾಲ್ಸ್. ಒಬ್ಬರು ಬರೆಯಬೇಕು, ಇನ್ನೊಬ್ಬರು ಓದಿ ಒಪ್ಪಬೇಕು, ಆಮೇಲೆಯೇ ಅದು ಜಾರಿಗೆ ಬರಬೇಕು.

ಆ ಇನ್ನೊಬ್ಬನು ಅವನು. ಸಿರುಗುಪ್ಪದವನು. ಅವನ ತಂದೆ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ವಾರಕ್ಕೊಮ್ಮೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದ. ನಾವು ಮೊದಲು ಸರಿಯಾಗಿ ಮಾತಾಡಿದ್ದು ಜಗಳದಲ್ಲಿ. ಪ್ರತಿ ಹೆಸರಿನ ಕೆಳಗೂ ಟ್ರೂ, ಫಾಲ್ಸ್ ಎಂದು ಬರೆಯುವ ಬದಲು, ಎಲ್ಲಕ್ಕೂ ಟ್ರೂ ಎಂದು ಒಂದೇ ನಿಯಮ ಹಾಕಿ, ಬೇಡವಾದ ಕಡೆ ಮಾತ್ರ ಫಾಲ್ಸ್ ಬರೆಯೋಣ ಎಂದು ನಾನು ಹೇಳಿದ್ದೆ.

"ಎಲ್ಲಾರಿಗೂ ನಡುವ ಒಬ್ಬರು ಬೇಕೇನ್ರಿ?" ಎಂದ.

"ಬೇಕಂತಲ್ಲ. ಇದ್ರ ಕಾಯ್ತಾರ."

"ನಿಮ್ಮ ಮನಿ ಬಾಗಿಲಿಗೆ ಎಷ್ಟು ಚಿಲಕ ಅದಾವು?"

"ಎರಡು. ಯಾಕ?"

"ಇಲ್ಲ, ಬರೇ ಎರಡೇನಾ ಅಂತ ಕೇಳಿದೆ."

ಪಕ್ಕದ ಮೇಜಿನವರು ನಕ್ಕರು. ನನಗೆ ಸಿಟ್ಟು ಬಂತು. ಆದರೆ ಸಂಜೆ ನಾನು ಬರೆದದ್ದನ್ನು ಓದಿ ಒಪ್ಪಿದವನು ಅವನೇ. ಒಪ್ಪುವ ಜಾಗದಲ್ಲಿ "ಸರಿ ಅದ" ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದ: "ಚಿಲಕದ ಮಾತು ವಾಪಸ್ ತಗೊಂಡೀನಿ."

ಆಮೇಲೆ ಏನಾಯಿತು ಎಂಬುದನ್ನು ಪೂರ್ತಿ ಬರೆಯುವ ಇಚ್ಛೆ ನನಗಿಲ್ಲ. ಕೆಲಸದ ಮಾತು ಬೇರೆ ಮಾತಾಯಿತು. ನಾಲ್ಕು ಗಂಟೆಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿದರೆ ಅವನು ಒಳಗಿನ ಖಾರದ ಮೆಣಸಿನಕಾಯಿಯನ್ನು ತನ್ನ ಕಾಗದಕ್ಕೆ ತೆಗೆದುಕೊಂಡು ಮೇಲಿನ ಹಿಟ್ಟಿನ ಭಾಗವನ್ನು ನನಗೆ ಬಿಡುತ್ತಿದ್ದ. ನನಗೆ ಖಾರ ಆಗುವುದಿಲ್ಲ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಇಷ್ಟು ಸಾಕು.

ಒಮ್ಮೆ ಯಾರೋ ಕಿಡಿಗೇಡಿಗಳು ಒಂದು ಬಟ್ಟೆ ಘಟಕದ ಸೈಟಿಗೆ ಸುಳ್ಳು ಕೋರಿಕೆಗಳನ್ನು ಸುರಿದು ಅದನ್ನು ಮಲಗಿಸಿಬಿಟ್ಟರು. ನಮ್ಮ ಯಜಮಾನರು ಹೆದರಿ, ಫಾಲ್ಸ್ ಬರೆದಿದ್ದ ಹೆಸರುಗಳನ್ನೂ ಬಿಡದೆ ಎಲ್ಲಕ್ಕೂ ಪ್ರಾಕ್ಸಿ ಹಚ್ಚಿಬಿಡಿ ಎಂದರು. ಹಚ್ಚಿದೆವು. ಮರುದಿನ ಸಿರುಗುಪ್ಪದ ಗಿರಣಿಯಿಂದ ಫೋನ್ ಬಂತು. ಗಿರಣಿಯ ಗೇಟಿನಲ್ಲಿ ಲಾರಿ ತೂಗುವ ಕಾಟಾ ಇದೆ. ಅದರ ತೂಕ ಒಂದು ಹೆಸರಿನ ಮೂಲಕ ಬಳ್ಳಾರಿಯಲ್ಲಿರುವ ಗಿರಣಿಯ ಕಚೇರಿಯ ಯಂತ್ರಕ್ಕೆ ಬರುತ್ತಿತ್ತು. ಪ್ರಾಕ್ಸಿ ಸಾಮಾನ್ಯವಾಗಿ ವೆಬ್ ಪುಟಗಳ ಮಾತನ್ನು ಮಾತ್ರ ಸಾಗಿಸುತ್ತದೆ. ಕಾಟಾದ ಮಾತು ಅದಕ್ಕೆ ತಿಳಿಯುವುದಿಲ್ಲ, ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಆ ಒಂದು ಹೆಸರಿಗೆ ಫಾಲ್ಸ್ ಬರೆದರೆ ಮುಗಿಯಿತು, ಆದರೆ ಗೇಟಿನ ಕಂಪ್ಯೂಟರನ್ನು ಒಮ್ಮೆ ಕಣ್ಣಾರೆ ನೋಡಿಬರಬೇಕಿತ್ತು. ಇಬ್ಬರೂ ಹೋದೆವು.

ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ನೆಲ್ಲಿನ ಗದ್ದೆ. ಗಿರಣಿಯ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಗೇಟಿನ ಪಕ್ಕದ ಕಿರುಕೋಣೆಯಲ್ಲಿ ಅವನ ತಂದೆ ಕೂತಿದ್ದರು. ತೂಕವನ್ನು ಕೈಯಲ್ಲೇ ಬರೆದುಕೊಳ್ಳುತ್ತ ಮಗನ ಕಡೆ ತಲೆಯೆತ್ತಿ, "ಏನಪಾ, ಕಾಯೋರನ್ನ ಇಟ್ಟೀವಿ ಅಂತ ಮನಿಯವ್ರನ್ನೇ ಹೊರಗ ಹಾಕೀರಲ್ಲ" ಎಂದರು. ನನಗೆ, "ನೀವು ಕೂಡ್ರಿ, ಬಿಸಲಾಗ ಬಂದೀರಿ" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಕೆಲಸ ಮುಗಿದ ಮೇಲೆ ಅವನು ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದ. ಅವನ ತಾಯಿ ಮೊಸರನ್ನ ಹಾಕಿದರು, ಹೊರಡುವಾಗ ಕುಂಕುಮ ಕೊಟ್ಟರು. ಅವನು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು:

"ನನಗ ಗೊತ್ತೈತಿ ಯವ್ವಾ. ಅವ ಹೇಳಿಲ್ಲ, ಆದ್ರೂ ಗೊತ್ತೈತಿ. ನಿಮ್ಮ ಸ್ವಾದರಮಾವ ಕುರುಗೋಡಿನ್ಯಾರಂತಲ್ಲ?"

"ಹೌದ್ರಿ."

"ನಮ್ಮ ಮೇಷ್ಟ್ರು ಅದಾರ. ಮದ್ಲ ಕುರುಗೋಡಿನ ಸಾಲ್ಯಾಗ ಇದ್ದವ್ರು. ನಿಮ್ಮ ಮಾವಗೂ ಕಲಿಸಿರಬೇಕು. ಅವ್ರ ಬಾಯಿಂದ ಹೋಗಲಿ ಮಾತು. ಅವ್ರು ಹೇಳಿದ್ರ ನಮ್ಮನಿಯವ್ರೂ ಒಲ್ಲೆ ಅನ್ನಂಗಿಲ್ಲ."

ಅವರು ಹೇಳಿದ್ದರ ತೂಕ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ವಿಭೂತಿ, ಅವರ ಮನೆಯಲ್ಲಿ ನಾಮ. ಇದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಪ್ರತಿಯೊಬ್ಬರೂ ಅದರ ಸುತ್ತಲೇ ಹೆಜ್ಜೆ ಇಡುತ್ತಾರೆ. ಜೊತೆಗೆ, ನಮ್ಮ ಮನೆಗಳಲ್ಲಿ ಹೆಣ್ಣಿನ ಮದುವೆಯ ಮಾತು ಮೊದಲು ಹೋಗಬೇಕಾದ್ದು ಸೋದರಮಾವನ ಬಳಿಗೆ. ಅವನು ಹೂಂ ಎಂದ ಮೇಲೆ ಅಪ್ಪ ಹೂಂ ಎನ್ನಬೇಕು. ಹಾಗೆ ಕೇಳಲು ಹುಡುಗ ಹೋಗುವುದಿಲ್ಲ, ಹುಡುಗನ ತಂದೆಯೂ ಹೋಗುವುದಿಲ್ಲ. ಎರಡೂ ಕಡೆಗೆ ಬೇಕಾದ ದೊಡ್ಡವರೊಬ್ಬರು ಹೋಗುತ್ತಾರೆ. ಹೋಗಿ ಕಾಲುವೆಗೆ ನೀರು ಬಂತೇ, ಮೆಣಸಿನಕಾಯಿ ದರ ಏನಾಯಿತು ಎಂದು ಮಾತಾಡಿ, ಚಹಾ ಕುಡಿದು, ಏಳುವ ಹೊತ್ತಿಗೆ ಏನೋ ನೆನಪಾದವರಂತೆ ವಿಷಯ ತೆಗೆಯುತ್ತಾರೆ. ಒಪ್ಪಿಗೆಯಿಲ್ಲದಿದ್ದರೂ ಯಾರೂ ಇಲ್ಲ ಎನ್ನುವುದಿಲ್ಲ. ಈ ವರ್ಷ ಬೇಡ ಅಂತ ಇದ್ದೇವೆ ಎನ್ನುತ್ತಾರೆ. ಬಂದವರು ಅದನ್ನು ಇನ್ನಷ್ಟು ಮೆತ್ತಗೆ ಮಾಡಿ ಆ ಕಡೆಗೆ ಮುಟ್ಟಿಸುತ್ತಾರೆ. ಯಾರ ಮುಖವೂ ಸಣ್ಣದಾಗುವುದಿಲ್ಲ, ಮುಂದಿನ ವರ್ಷ ಮತ್ತೆ ಹೋಗಬಹುದು. ಹೀಗೆ ಎರಡು ಮೂರು ಸಲ ಹೋಗಿ ಕೂಡಿದ ಸಂಬಂಧಗಳು ನಮ್ಮ ಬಳಗದಲ್ಲೇ ಇವೆ.

ಅಮ್ಮನಿಗೆ ನಾನೇ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಓದಿಸಿದ್ದು ಇದಕ್ಕೇನಾ?" ಎಂದಳು ಮೊದಲು. ಮೊರದಲ್ಲಿದ್ದ ಅಕ್ಕಿಯನ್ನು ಆರಿಸಿ ಮುಗಿಸಿ, "ಹುಡುಗ ಸಿಟ್ಟಿನ್ಯಾವನಾ?" ಎಂದಳು.

"ಅಲ್ಲ."

"ಮೇಷ್ಟ್ರು ಬರಲಿ ಹಂಗಾದ್ರ. ನಾ ನಿಮ್ಮಪ್ಪಗೂ ಹೇಳಂಗಿಲ್ಲ, ನಿಮ್ಮ ಮಾವಗೂ ಹೇಳಂಗಿಲ್ಲ. ದೊಡ್ಡವ್ರ ಬಾಯಿಂದ ಬೀಳಲಿ ಅವನ ಕಿವಿಗೆ. ಆಮ್ಯಾಲ ಅಡ್ಡ ಬರಂಗಿಲ್ಲ ನಾನು."

ಇದಕ್ಕಿಂತ ಹೆಚ್ಚಿನದನ್ನು ನಾನು ಅವಳಿಂದ ನಿರೀಕ್ಷಿಸಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ರೊಟ್ಟಿಗೆ ಎರಡನೆಯ ಸಲ ಬೆಣ್ಣೆ ಹಾಕಿದಳು.

ಅವನ ತಾಯಿಯ ಮಾತಿಗೆ ಒಪ್ಪಿ ಅವನ ತಂದೆಯ ಬಳಿಯೂ ಮಾತಾಡಿದ ಮೇಷ್ಟ್ರಿಗೆ ಅಷ್ಟರಲ್ಲಿ ಕಣ್ಣಿನ ಆಪರೇಷನ್ ಆಯಿತು. ವಿಶ್ರಾಂತಿ ಎಂದರು. ಆಮೇಲೆ ಮಗಳ ಮನೆಗೆ ಹೋದರು. ಹೀಗೆ ತಡವಾಗುತ್ತ ಹೋಯಿತು. ತಡವಾಗುವುದು ಈ ಬಗೆಯ ಕೆಲಸದ ಒಂದು ಭಾಗವೇ ಎಂದು ನಾನು ತಿಳಿದಿದ್ದೆ. ಅವನಿಗೆ ಅದು ಸಹಿಸಲಾಗಲಿಲ್ಲ. "ನಾನು ಮದುವಿ ಆಗೋನು, ಮೇಷ್ಟ್ರಲ್ಲ. ಕೇಳೋದು ನಾನು ಕೇಳಬೇಕು" ಎನ್ನುತ್ತಿದ್ದ. ನಗುತ್ತ ಹೇಳುತ್ತಿದ್ದ, ಹಾಗಾಗಿ ನಾನೂ ನಗುತ್ತಿದ್ದೆ.

ಒಂದು ದಿನ ಕಚೇರಿಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಸಂಜೆ ಮನೆಗೆ ಹೋದಾಗ ಅಮ್ಮ ಫೋನ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಕಡೆಯಿಂದ ಮಾವನ ದನಿ ನನಗೂ ಕೇಳುತ್ತಿತ್ತು. ಮಾವ ಅಮ್ಮನ ತಮ್ಮ. ಕುರುಗೋಡಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಎಂದೂ ಏರುದನಿಯಲ್ಲಿ ಮಾತಾಡಿದವನಲ್ಲ.

"ಅಕ್ಕಾ, ಸಿರುಗುಪ್ಪದಿಂದ ಯಾವನೋ ಒಬ್ಬ ಗಾಡಿ ಮ್ಯಾಲ ಬಂದಿದ್ದ. ಅಂಗಡಿ ತುಂಬ ಮಂದಿ. ಕೂಸಿನ ಹೆಸರು ಹಿಡಿದು ಮದುವಿ ಮಾಡಿಕೊಡ್ರಿ ಅಂದ. ಹಿರಿಯರು ಯಾರದಾರಪ್ಪ ಜೋಡಿ ಅಂದ್ರ, ಯಾರಿಲ್ಲ, ನಾನೇ ಬಂದೀನಿ ಅಂದ."

"ನೀ ಏನಂದಿ?"

"ಏನನ್ನಲಿ? ಇಲ್ಲ ಅಂದೆ."

ಮರುದಿನ ಅವನು ಬಂದ. ಮಹಡಿಯ ಮೆಟ್ಟಿಲಲ್ಲಿ ನಿಂತು ಮಾತಾಡಿದೆವು. ಕೆಳಗಿನಿಂದ ಹೊಲಿಗೆಯ ಸದ್ದು ಬರುತ್ತಿದ್ದುದರಿಂದ ಇಬ್ಬರೂ ಸ್ವಲ್ಪ ಜೋರಾಗಿಯೇ ಮಾತಾಡಬೇಕಾಯಿತು.

"ಯಾರನ್ನ ಕೇಳಿ ಹೋದಿ?"

"ಯಾರನ್ನ ಕೇಳಬೇಕಿತ್ತು? ಇದ್ದದ್ದು ಇದ್ದಂಗ ಹೇಳಿದೆ. ನಾನು ಇಂಥವ, ಇಂಥಲ್ಲಿ ಕೆಲಸ ಮಾಡ್ತೀನಿ, ನಿಮ್ಮ ಒಪ್ಪಿಗಿ ಬೇಕು ಅಂತ."

"ಅಷ್ಟು ಮಂದಿ ಮುಂದ?"

"ಕಳ್ಳತನಕ್ಕ ಹೋಗಿದ್ನೇನು ನಾನು, ಮಂದಿ ಇಲ್ಲದಾಗ ಹೋಗಾಕ?"

ಅವನ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅಳು ಬಂದದ್ದು ಅದಕ್ಕೇ. ಯಾವ ಹೆಸರು ಹೊರಗಿನವರಿಗೆ ನೇರವಾಗಿ ಕಾಣಬೇಕು, ಯಾವುದರ ಮುಂದೆ ಒಬ್ಬರು ನಿಲ್ಲಬೇಕು ಎಂದು ದಿನವಿಡೀ ಕೂತು ತೀರ್ಮಾನಿಸುವ ಇಬ್ಬರು ನಾವು. ಈ ಹೋಲಿಕೆ ನನಗೆ ಅಲ್ಲೇ ಮೆಟ್ಟಿಲ ಮೇಲೆ ಹೊಳೆಯಿತು. ಹೇಳಿದ್ದರೆ ಅವನು ನಗುತ್ತಿದ್ದನೇನೋ. ಹೊಳೆದದ್ದರಿಂದ ನನಗೆ ಏನೂ ಸಿಗಲಿಲ್ಲ.

ಸುದ್ದಿ ಸಿರುಗುಪ್ಪಕ್ಕೆ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೊಬ್ಬರ ಒಯ್ಯುವವರೂ ನೆಲ್ಲು ತರುವವರೂ ಒಂದೇ ಲಾರಿಯವರು. ಅವರಲ್ಲಿ ಒಬ್ಬ ಗೇಟಿನ ಕೋಣೆಯಲ್ಲಿ ಅವನ ತಂದೆಗೇ ತಮಾಷೆಯಾಗಿ ಹೇಳಿದನಂತೆ, ನಿಮ್ಮ ಹುಡುಗ ಕುರುಗೋಡಿನಲ್ಲಿ ಗೊಬ್ಬರಕ್ಕೆ ನಿಂತವರ ಸಾಲಿನಲ್ಲಿ ಹೆಣ್ಣಿಗೆ ಪಾಳಿ ಹಚ್ಚಿದ್ದ ಎಂದು. ಅವರು ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲಿಲ್ಲ. ಸಂಜೆ ಮೇಷ್ಟ್ರ ಮನೆಗೆ ಹೋಗಿ, ನೀವು ಇನ್ನು ಕುರುಗೋಡಿಗೆ ಹೋಗುವುದು ಬೇಡ ಎಂದು ಕೈಮುಗಿದು ಬಂದರು. ಇದನ್ನು ಅವನೇ ನನಗೆ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಭಾನುವಾರ ಅಮ್ಮನ ಜೊತೆ ಕುರುಗೋಡಿಗೆ ಹೋದೆ. ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಮಾವ ಒಳಗೆ ಚೀಲಗಳ ಮೇಲೆ ಕೂತಿದ್ದ. ಚಿಕ್ಕವಳಿದ್ದಾಗ ನಾನು ಅದೇ ಚೀಲಗಳ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದೆ, ಗಿರಾಕಿಗಳು ಬಂದರೆ ಮಾವ ನನ್ನನ್ನು ಎಬ್ಬಿಸದೆ ಪಕ್ಕದ ಸಾಲಿನಿಂದ ಚೀಲ ಎಳೆದುಕೊಡುತ್ತಿದ್ದ. ಅತ್ತೆ ಚಹಾ ತಂದಿಟ್ಟು ಅಮ್ಮನನ್ನು ಒಳಗೆ ಕರೆದುಕೊಂಡು ಹೋದಳು.

"ಮಾವ, ಹುಡುಗ ನಿನಗ ಸೇರಲಿಲ್ಲೇನು?" ಎಂದೆ. ನನ್ನ ಜೀವನದಲ್ಲಿ ಅವನೊಂದಿಗೆ ಇಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಹುಡುಗಗೇನಾಗೇತಿ? ಛಲೋ ಹುಡುಗ. ಕಣ್ಣಾಗ ಕಣ್ಣಿಟ್ಟು ಮಾತಾಡಿದ."

"ನಿನ್ನ ಮಗಗ ನನ್ನ ತಗೋಬೇಕಂತ ಮನಸಿತ್ತೇನು?"

"ಛೇ. ಅವ ಎಲ್ಲೋ ನೋಡಿಕೊಂಡಾನ. ನಿಮ್ಮತ್ತಿಗಿ ಇನ್ನೂ ಗೊತ್ತಿಲ್ಲ, ಬಾಯಿ ಬಿಡಬ್ಯಾಡ."

"ಹಂಗಾದ್ರ ಯಾಕ ಇಲ್ಲ ಅಂದಿ?"

ಮಾವ ಚೀಲದ ಹೊಲಿಗೆಯ ದಾರ ಎಳೆದ.

"ಅವ ನಿನ್ನ ಹೆಸರು ಅಂದ ಕೂಡ್ಲೆ ತೂಕ ಮಾಡೋ ಕೈ ಎಲ್ಲಾರ್ದೂ ನಿಂತ್ವು. ಎಲ್ಲಾರೂ ನನ್ನ ಮುಖಾನೇ ನೋಡ್ತಿದ್ರು. ಹೂಂ ಅಂದ್ರ, ನಮ್ಮ ಕೂಸು ದಾರ್ಯಾಗ ಬಿದ್ದಿತ್ತು ಅಂತಾರ. ಆಮ್ಯಾಲ ಹೇಳ್ತೀನಿ ಅಂದ್ರ, ಮದ್ಲಿಂದ ಗೊತ್ತಿತ್ತು ಇವಗ ಅಂತಾರ. ಬಾಯಾಗ ಉಳಿದಿದ್ದು ಒಂದೇ. ಮೇಷ್ಟ್ರು ಬರೋರಿದ್ರು ಅಂತ ಅಕ್ಕ ಆಮ್ಯಾಲ ಹೇಳಿದ್ಲು. ಅವ್ರು ಬಂದಿದ್ರ ಇಲ್ಲ ಅನ್ನಾಕ ನನಗೆಲ್ಲಿ ಬಾಯಿ ಬರ್ತಿತ್ತು ಯವ್ವಾ? ನನಗ ಮಗ್ಗಿ ಕಲಿಸಿದವ್ರು. ಕಾಲು ಮುಟ್ಟಿ ಹೂಂ ಅಂತಿದ್ದೆ."

"ಈಗ ಅನ್ನು."

"ಯಾರಿಗೆ ಅನ್ನಲಿ? ಕೇಳೋರೇ ಇಲ್ಲ. ಅವ್ರಪ್ಪ ಬಾಗಿಲು ಹಾಕ್ಯಾರ. ನಾನು ಹೆಣ್ಣಿನ ಕಡಿಯವ, ಅವ್ರ ಮನಿಗೆ ಹೋಗಿ ಮೊನ್ನಿ ಇಲ್ಲ ಅಂದಿದ್ದೆ, ಇವತ್ತು ತಗೋರಿ ಅಂದ್ರ ನಿನ್ನ ಮರ್ಯಾದಿ ಎಷ್ಟು ಉಳೀತೈತಿ ಆ ಮನ್ಯಾಗ? ಜೀವಮಾನ ಎಲ್ಲ ಆಡ್ಕೊಂತಾರ."

ಮಾವ ಎದ್ದು ಒಳಗೆ ಹೋದ. ಮುಖ ತೊಳೆಯುವ ಸದ್ದು ಕೇಳಿತು. ತಿರುಗಿ ಬಂದಾಗ ಚಹಾ ಆರಿಹೋಗಿತ್ತು, ಬೇರೆ ತರಿಸುತ್ತೇನೆ ಎಂದ. ನಾನು ಆರಿದ್ದನ್ನೇ ಕುಡಿದೆ. ಒಪ್ಪಲು ಸಿದ್ಧನಿದ್ದ ಮನುಷ್ಯನ ಎದುರು ಕೂತು, ಆ ಒಪ್ಪಿಗೆಯಿಂದ ಏನೂ ಆಗದು ಎಂದು ತಿಳಿಯುವುದಿದೆಯಲ್ಲ, ಅದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ನಾವು ಇಬ್ಬರೂ ವಯಸ್ಸಿಗೆ ಬಂದವರು, ರಿಜಿಸ್ಟರ್ ಮದುವೆ ಆಗಬಹುದಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಅವನು ಒಮ್ಮೆ ಕೇಳಿದ. ನಾನು ಅಮ್ಮನನ್ನು ನೆನೆದು ಸುಮ್ಮನಿದ್ದೆ. ಅವನು ತನ್ನ ತಾಯಿಯನ್ನು ನೆನೆದನೇನೋ, ಎರಡನೆಯ ಸಲ ಕೇಳಲಿಲ್ಲ. ಆಮೇಲೆ ಕೆಲವು ವಾರ ಕೆಲಸ ಮಾಡಿದೆವು. ನಾನು ಬರೆದದ್ದನ್ನು ಅವನು ಓದುತ್ತಿದ್ದ, ಅವನು ಬರೆದದ್ದನ್ನು ನಾನು. ಒಪ್ಪಿಗೆಯ ಜಾಗದಲ್ಲಿ ಇಬ್ಬರೂ ಏನೂ ಬರೆಯದೆ ಬರೀ ಗುಂಡಿ ಒತ್ತುತ್ತಿದ್ದೆವು. ರಾಯಚೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು ಎಂದು ಅವನು ಯಜಮಾನರಿಗೆ ಹೇಳಿದ್ದು ನನಗೆ ಗೋಡೆಯ ಈ ಕಡೆ ಕೇಳಿಸಿತು. ಅವನು ಹೋದ ಮೇಲೆ ಅವನ ಪಾಲಿನ ಹೆಸರುಗಳೆಲ್ಲ ನನಗೆ ಬಂದವು.

ಮುಂದಿನ ಸುಗ್ಗಿಯ ಹೊತ್ತಿಗೆ ಗಿರಣಿಯವರು ಎರಡನೆಯ ಕಾಟಾ ಹಾಕಿಸಿದರು. ಹೊಸ ಹೆಸರು ಬೇಕು, ಅದು ನೇರ ಇರಬೇಕು, ಅಕ್ಕಿಯ ದರ ತೋರಿಸುವ ವೆಬ್ ಪುಟ ಮಾತ್ರ ಪ್ರಾಕ್ಸಿಯ ಹಿಂದೆಯೇ ಇರಬೇಕು. ಅಲ್ಲಿಯ ವ್ಯವಸ್ಥೆ ಗೊತ್ತಿದ್ದವಳು ನಾನೊಬ್ಬಳೇ. ಬೇರೆಯವರನ್ನು ಕಳಿಸಿ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೋದೆ.

ಗೇಟಿನ ಕೋಣೆಯಲ್ಲಿ ಅವನ ತಂದೆ ಇದ್ದರು. ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಹಮಾಲ ಬೀಡಿ ಹಚ್ಚುತ್ತಿದ್ದ. ಅವರು ಅವನಿಗೆ ಹೇಳಿದರು: "ಅವ್ರಿಗೆ ಕುರ್ಚಿ ಕೊಡಪಾ."

ಹಮಾಲ ಕುರ್ಚಿ ಸರಿಸಿದ. ನನಗೂ ಅವರಿಗೂ ನಡುವೆ ಒಂದು ಮೇಜಿನ ಅಂತರವಿತ್ತು.

"ಕೆಲಸಕ್ಕ ಎಷ್ಟು ಹೊತ್ತು ಬೇಕಂತ ಕೇಳು."

ಹಮಾಲ ನನ್ನ ಕಡೆ ತಿರುಗಿದ. "ಎಷ್ಟು ಹೊತ್ತು ಬೇಕಂತ್ರಿ?"

"ಒಂದರ್ಧ ತಾಸು ಅಂತ ಹೇಳ್ರಿ" ಎಂದೆ.

"ಅರ್ಧ ತಾಸಂತ್ರಿ" ಎಂದು ಅವನು ಆ ಕಡೆ ಹೇಳಿದ.

ಲ್ಯಾಪ್‌ಟಾಪ್ ತೆಗೆದು ಹೊಸ ಹೆಸರು, ಅದರ ವಿಳಾಸ ಬರೆದೆ. ಕೊನೆಯ ಸಾಲಿನಲ್ಲಿ ಫಾಲ್ಸ್ ಬರೆದು ಕಚೇರಿಗೆ ಕಳಿಸಿದೆ. ಅಲ್ಲಿ ಈಗ ಓದಿ ಒಪ್ಪುವವಳು ಹೊಸದಾಗಿ ಸೇರಿದ ಹುಡುಗಿ. ಅವಳ ಒಪ್ಪಿಗೆಗೆ ಕಾಯುತ್ತ ಕೂತೆ. ಚಹಾ ಬಂತು. ಅದನ್ನೂ ಹಮಾಲನ ಕೈಯಲ್ಲೇ ಕೊಡಿಸಿದರು. ನನಗೆ ಸಿಟ್ಟು ಬರಲಿಲ್ಲ. ಒಂದು ಕಾಲಕ್ಕೆ ತಮ್ಮ ಕುರ್ಚಿ ಬಿಟ್ಟುಕೊಟ್ಟ ಮನುಷ್ಯ ಈಗ ನನ್ನೊಂದಿಗೆ ಮಾತು ಬಿಟ್ಟಿದ್ದರು, ಆದರೆ ಬಿಸಿಲಲ್ಲಿ ಬಂದವಳು ಎಂಬುದನ್ನು ಮರೆತಿರಲಿಲ್ಲ.

ಒಪ್ಪಿಗೆ ಬಂತು. ಲೋಟ ಕೆಳಗಿಟ್ಟಾಗ ಅವರು ಪೆನ್ನಿನ ಮುಚ್ಚಳ ಹಾಕಿದರು.

"ಅವ್ರಿಗೆ ಹೇಳಪಾ," ಎಂದರು. ದನಿ ಸ್ವಲ್ಪ ತಗ್ಗಿತ್ತು. "ನಮ್ಮ ಹುಡುಗಂದು ನಿಶ್ಚಯ ಆಗೇತಿ. ಮೇಷ್ಟ್ರೇ ಮುಂದ ನಿಂತು ಮಾಡಿಸ್ಯಾರ. ಮಂದಿ ಬಾಯಿಂದ ಕೇಳೋದು ಬ್ಯಾಡ ಅಂತ ಹೇಳೀನಿ ಅಂತ ಹೇಳು."

ಹಮಾಲ ಬೀಡಿಯನ್ನು ಕಾಲಡಿ ಆರಿಸಿದ. ನನ್ನ ಕಡೆ ತಿರುಗಿದ, ಬಾಯಿ ತೆರೆದ, ಹೇಳಲಿಲ್ಲ. ಅವನಿಗೂ ಗೊತ್ತಿತ್ತೆಂದು ಆಗ ತಿಳಿಯಿತು. ಆ ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿರಬೇಕು.

"ಕೇಳಿಸ್ತು," ಎಂದೆ ಅವನಿಗೆ. "ಒಳ್ಳೇದಾತು ಅಂತ ಹೇಳ್ರಿ."

"ಒಳ್ಳೇದಾತಂತ್ರಿ," ಎಂದ ಆ ಕಡೆ ನೋಡಿ.

ಅವರು ತಲೆಯಾಡಿಸಿದರು. ಹೊರಗೆ ಲಾರಿಯ ಚಾಲಕ ಹಾರ್ನ್ ಒತ್ತುತ್ತಿದ್ದ. ನಾನು ಹೊರಡಬಹುದಿತ್ತು, ಆದರೆ ಹೊಸ ಕಾಟಾದ ತೂಕ ಬಳ್ಳಾರಿಗೆ ಮುಟ್ಟುತ್ತದೆಯೇ ಎಂದು ನೋಡದೆ ಹೋಗುವಂತಿರಲಿಲ್ಲ. ಲಾರಿ ನಿಧಾನವಾಗಿ ಕಾಟಾದ ಮೇಲೆ ಏರಿತು. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಅವು ನಿಲ್ಲುವುದನ್ನು ನಾನೂ ಅವನ ತಂದೆಯೂ ಒಂದೇ ಮೇಜಿನ ಎರಡು ಕಡೆ ಕೂತು ಕಾಯುತ್ತಿದ್ದೆವು.